ಮುಯ್ಯಿ

ಪುಣೆಯ ಕಂಪನಿಯ ಪತ್ರ ಬಂದದ್ದು ಮಾರ್ಚ್ ಕೊನೆಗೆ,
ಹುಮನಾಬಾದಿನಲ್ಲಿ ಫ್ಯಾನು ಬಿಸಿಗಾಳಿಯನ್ನೇ
ಮಗುಚಿ ಹಾಕುತ್ತಿದ್ದ ಮಧ್ಯಾಹ್ನ:
ಎಂಬತ್ತೆರಡು ಸಾವಿರ ಕಟ್ಟಿರಿ, ಇಲ್ಲವಾದರೆ
ಒಂದನೇ ತಾರೀಖಿಗೆ ಕೀಲಿ ಬೀಳುತ್ತದೆ.

ಬಿತ್ತು.

ಪುಸ್ತಕ ನಮ್ಮವು, ಕಪಾಟು ನಮ್ಮವು,
ಹನ್ನೊಂದು ವರ್ಷ ಕೂತು ಟೈಪು ಮಾಡಿದ ಬೆರಳು ನನ್ನವು.
ಯಾವುದು ಎಲ್ಲಿದೆ ಎಂಬ ನೆನಪು ಮಾತ್ರ
ಅವರದು.

"ಫುಕಟ್ ಅದಾ ಅಂತೀರಿ ಮೇಡಂ,"
ಪ್ರಿನ್ಸಿಪಾಲ್ ಚಿದ್ರಿಯವರು ಕನ್ನಡಕ ಒರೆಸಿದರು,
"ಫುಕಟ್ ಕೊಡಾವ್ರು ಹಿಂದಿನ ಬಾಗಿಲದಿಂದ
ಏನರೆ ಒಯ್ಯತಾರ.
ನಾಳಿ ಕೆಟ್ಟರ ಯಾರ ಕೊಳ್ಳಪಟ್ಟಿ ಹಿಡೀಲಿ?"
"ಈಗ ಯಾರದು ಹಿಡದೀವ್ರಿ ಸರ್?" ಅಂದೆ,
ಅಂದೆನೋ, ಅಂದುಕೊಂಡೆನೋ.
ಸಹಿ ಹಾಕಿದರು. ರೊಕ್ಕ ಇರಲಿಲ್ಲ, ಅದೇ ಕಾರಣ.
ದೊಡ್ಡ ಮಾತೇನೂ ಇಲ್ಲ ಇದರಲ್ಲಿ.

ಬಸವಕಲ್ಯಾಣದಿಂದ ಜಗದೇವಿ ಬಂದಳು,
ಕೆಂಪು ಬಸ್ಸಿನ ಧೂಳು, ಪರ್ಸಿನಲ್ಲೊಂದು ಪೆನ್‌ಡ್ರೈವ್.
ಮೂಲೆಯಲ್ಲಿ ಸತ್ತು ಬಿದ್ದಿದ್ದ ಕಂಪ್ಯೂಟರಿಗೆ
ಇನ್ವರ್ಟರ್ ಜೋಡಿಸಿ ಮೂರು ದಿನ ಉಸಿರು ತುಂಬಿದಳು.
ಟಿಕೇಟಿನ ರೊಕ್ಕ ಕೊಡಹೋದರೆ ಕೈ ಸರಿಸಿದಳು:
"ನನಗ ಭಾಲ್ಕಿಯವರು ಕಲಿಸ್ಯಾರ.
ನೀವು ಚಿಟಗುಪ್ಪಾದವರಿಗಿ ಕಲಸ್ರಿ."

"ಹೆಸರೇನಂದಿ ಇದಕ್ಕ?"
"ಕೋಹಾ. ಸಮುದ್ರದ ಆಚಿ ದ್ವೀಪದಾಗ
ಮಾವೋರಿ ಮಂದಿ ಅದಾರಂತ್ರಿ, ಅವರ ಮಾತು.
ಒಬ್ಬರ ಮನಿಗಿ ಹೋಗುವಾಗ ಒಯ್ತೀವಲ್ಲ, ಅದು.
ಹೊಳ್ಳಿ ಕೊಡಬೇಕಾದ್ದು."

ಹಾಗಾದರೆ ನನಗೆ ಗೊತ್ತು ಇದು.
ಜೋಳದ ಡಬ್ಬಿಯ ಹಿಂದೆ ಅವ್ವ ಇಟ್ಟಿದ್ದ ನೋಟುಬುಕ್ಕು,
ಎಣ್ಣೆಯ ಹೆಬ್ಬೆಟ್ಟಿನ ಗುರುತು, ಸೊಟ್ಟ ಅಕ್ಷರ:
ಶಾಂತಾಬಾಯಿ, ಖಣ ಒಂದು.
ಹಳ್ಳಿಖೇಡದವರು, ಐವತ್ತೊಂದು ಮತ್ತು ಸ್ಟೀಲಿನ ಚರಿಗೆ.
ಬಡ್ಡಿ ಇಲ್ಲ, ಗಡುವು ಇಲ್ಲ,
ಮರೆವೂ ಇಲ್ಲ.

ಪಟ್ಟಿಯನ್ನು ಮತ್ತೆ ಮೊದಲಿಂದ ಬರೆಯಬೇಕಿತ್ತು.
ಆಗ ಮಸ್ತಾನಸಾಬರು ಮೆಟ್ಟಿಲ ಕೆಳಗಿನ ಕೋಣೆ ತೆರೆದರು.
ರದ್ದಿಗೆ ಹಾಕಿ ಎಂದಿದ್ದ ಕಾರ್ಡುಗಳು,
ನಲವತ್ತು ಡ್ರಾವರು, ಡ್ರಾವರಿಗೊಂದು ಬೇವಿನ ಎಲೆಯ ಚೀಲ.
"ಆರ್ಡರ್ ಇತ್ತು ಖರೇ," ಅಂದರು,
"ತಕ್ಕಡಿಯಂವ ಬರಲೇ ಇಲ್ಲ."
ಅವನ ಅಂಗಡಿ ಇರುವುದು ಎದುರಿಗೇ.

ಅವರು ಓದುವುದು, ನಾನು ಒತ್ತುವುದು.
ಹಳೆಯದರಲ್ಲಿ ಉರ್ದು ಪುಸ್ತಕಗಳಿಗೆಲ್ಲ ಹೆಸರು ಒಂದೇ:
ನಾಲ್ಕು ಪ್ರಶ್ನಾರ್ಥಕ ಚಿಹ್ನೆ.
ಆರುನೂರ ಹನ್ನೆರಡು ಪುಸ್ತಕ ಸಾಲಾಗಿ ನಿಂತು
ಏನು? ಏನು? ಏನು? ಎಂದು ಕೇಳುತ್ತಿದ್ದವು.
ಈಗ ಮೊದಲನೆಯದರ ಹೆಸರು
ಪರದೆಯ ಬಲಗಡೆಯಿಂದ ಹೊರಟು ಬಂತು.
ಮಸ್ತಾನಸಾಬರ ಬೆರಳು ಗಾಜು ಮುಟ್ಟದೆ
ಅದರ ಜೊತೆಗೇ ನಡೆಯಿತು.
"ಬರಾಬರ್," ಅಂದರು. ಚಹಾ ತರಲು ಹೋದವರು
ಬಹಳ ಹೊತ್ತು ಬರಲಿಲ್ಲ.

ನಾನೂರಾ ಎಂಟನೇ ಕಾರ್ಡಿನ ಬೆನ್ನಿಗೆ ಅವರದೇ ಸಹಿ.
ಎರಡು ಸಾವಿರದ ಮೂರು, ಜುಲೈ. ಮರಳಿದ್ದಕ್ಕೆ ಗುರುತಿಲ್ಲ.
ಏನೂ ಯೋಚಿಸದೆ ತಾರೀಖು ಹಾಕಿಬಿಟ್ಟೆ;
ಯಂತ್ರ ದಿನಕ್ಕೊಂದು ರೂಪಾಯಿಯಂತೆ ಗುಣಿಸಿ
ಕೆಂಪಗೆ ಏನೋ ಇಂಗ್ಲಿಷಿನಲ್ಲಿ ಕೂಗಿತು.
ಆ ಸಾಲಿಗೆ ಕನ್ನಡ ಯಾರೂ ಬರೆದಿರಲಿಲ್ಲ.
ಅವಧಿ, ಕಾಲಮಿತಿ... ನಾನು ಪದ ಹುಡುಕುತ್ತಿದ್ದೆ.
"ವಾಯಿದೆ ಮೀರಿದೆ," ಹಿಂದಿನಿಂದ ಮೆಲ್ಲಗೆ ದನಿ,
"ಮತ್ತೇನ್ ಬರೀತೀರಿ?"

ಅದನ್ನೇ ಬರೆದು ಕಳಿಸಿದೆ. ಎಲ್ಲಿಗೋ.
ಯಾರೋ, ಅಲ್ಲಿ ಆಗ ರಾತ್ರಿಯಂತೆ,
ನೋಡಿದರು, ಸೇರಿಸಿದರು, ವಂದನೆ ಎಂದರು.
ಇನ್ನು ಮೇಲೆ ಯಾದಗಿರಿಯಲ್ಲೋ ಕಾರವಾರದಲ್ಲೋ
ತಡವಾಗಿ ಬಂದ ಹುಡುಗಿಯೊಬ್ಬಳನ್ನು
ಒಬ್ಬ ಜವಾನನ ಮಾತು ಗದರಿಸುತ್ತದೆ.

ಮರುದಿನ ಅವರು ಪುಸ್ತಕ ತಂದರು,
ಹಳೆ ಸಿಯಾಸತ್ ಪೇಪರಿನ ರಟ್ಟು, ಒಳಗೆ ಮಗಳ ಹೆಸರು,
ಅಳಿಸಲು ಯತ್ನಿಸಿ ಬಿಟ್ಟದ್ದು.
"ದಂಡ?"
ಮನ್ನಿಸಲು ಒಂದು ಗುಂಡಿ ಇದೆ ಇದರಲ್ಲಿ. ಒತ್ತಿದೆ.
ಅದಕ್ಕೂ ಕನ್ನಡ ಇರಲಿಲ್ಲ.
"ಮಾಫ್ ಅಂತ ಬರೀರಿ, ಸಾಕು."

ಬರೆದು ಕಳಿಸಿದ್ದೇನೆ.
ಒಪ್ಪುತ್ತಾರೋ ಇಲ್ಲವೋ.