ಆರು ವೋಲ್ಟಿನ ಗಂಟಲು

ಚಿಂತಾಮಣಿಯಲ್ಲಿ, ಟೊಮೆಟೊ ಮಂಡಿಯ ಹಿಂದುಗಡೆ,
ಹೊಂಗೆ ಮರಕ್ಕೆ ಮೊಳೆ ಹೊಡೆದು ತೂಗುಹಾಕಿದ ಬೋರ್ಡು:
ಡೈನಮೋ, ಸೆಲ್ಫು, ವೈರಿಂಗು.
ಕೆಳಗೆ ಅರ್ಧ ಅಳಿಸಿದ ನನ್ನ ಹೆಸರು, ಅಮೀರ್‌ಜಾನ್.

ಮೊನ್ನೆ ಮುರುಗಮಲ್ಲದ ಕಡೆಯಿಂದ ವೆಂಕಟರವಣಮ್ಮ
ಬೂದು ಬಣ್ಣದ ಆ ಹಳೇ ಟ್ರ್ಯಾಕ್ಟರನ್ನು
ಮಗನ ಕೈಗೂ ಕೊಡದೆ ತಾವೇ ಓಡಿಸಿಕೊಂಡು ಬಂದರು.
ಓಡಿಸಿಕೊಂಡು ಅಂದರೆ, ಇಳಿಜಾರಿನಲ್ಲಿ
ನಾಲ್ಕು ಜನ ನೂಕಿ, ಕ್ಲಚ್ಚು ಬಿಟ್ಟು.
"ಸೆಲ್ಫು ಒತ್ತಿದರೆ ಮುಲುಕುತ್ತೆ ಅಮೀರಣ್ಣಾ,
ಗಬ್ಬದ ಎಮ್ಮೆ ಏಳೋ ಹಂಗೆ. ಬ್ಯಾಟರಿ ಕೇಳಿದರೆ
ಆರು ವೋಲ್ಟಿಂದು ಈಗ ಬರೋದೇ ಇಲ್ಲ ಅಂತಾರೆ."

ಬಾನೆಟ್ ಎತ್ತಿದೆ.
ಬಟ್ಟೆ ಸುತ್ತಿದ ವೈರುಗಳು; ಮುಟ್ಟಿದರೆ
ಊದುಬತ್ತಿಯ ಬೂದಿಯಂತೆ ಉದುರಿದವು.
ಒಂದೆಡೆ ಇಲಿ ಕಡಿದದ್ದಕ್ಕೆ ಯಾರೋ
ಸೀರೆಯ ಅಂಚು ಹರಿದು ಕಟ್ಟಿದ್ದರು.
"ಅದು ನಂದೇ" ಅಂದರು, ನಗಲಿಲ್ಲ.

ಇನ್ನೊಂದು ವಿಚಿತ್ರ, ಕೇಳಿ:
ಈ ಗಾಡಿಗೆ ಮೈಯೆಲ್ಲ ಪ್ಲಸ್ಸು.
ಮಡ್‌ಗಾರ್ಡು, ಸೀಟಿನ ಕಬ್ಬಿಣ, ಎಲ್ಲ ಪ್ಲಸ್ಸು.
ಮೈನಸ್ಸು ಮಾತ್ರ ಒಂದು ತಂತಿಯೊಳಗೆ
ಕದ್ದು ಬಂದವರ ಹಾಗೆ ಓಡಾಡಿಕೊಂಡಿತ್ತು.
ಅದನ್ನು ತಿರುವಿ ಹಾಕಬೇಕು.
ಆಂಪಿಯರ್ ಮೀಟರಿನ ತಂತಿ ಅದಲುಬದಲು ಮಾಡದಿದ್ದರೆ
ತುಂಬುವಾಗ ಬರಿದಾಗ್ತಿದೆ ಅನ್ನುತ್ತೆ,
ಬರಿದಾಗುವಾಗ ತುಂಬ್ತಿದೆ ಅನ್ನುತ್ತೆ;
ಅಂಥವರು ಮನುಷ್ಯರಲ್ಲೂ ಇದ್ದಾರೆ, ನಮ್ಮ ಮಂಡಿಯಲ್ಲೇ ಮೂವರು.

ಡೈನಮೋ ಇಳಿಸಿದೆ. ಗುಜರಿಯಿಂದ ತಂದ
ವ್ಯಾನಿನ ಆಲ್ಟರ್ನೇಟರಿಗೆ ಬ್ರಾಕೆಟ್ ಬೆಸೆದೆ.
ಕಾಯಿಲ್ ಹೊಸದು. ಬಲ್ಬುಗಳು ಹೊಸವು.
ಹಳೇದೊಂದನ್ನು ಸುಮ್ಮನೆ ಹನ್ನೆರಡಕ್ಕೆ ಮುಟ್ಟಿಸಿ ತೋರಿಸಿದೆ:
ಹಗಲಲ್ಲೇ ಬೆಳ್ಳಗೆ ಒಂದು ಸಲ ಉರಿದು
ಒಳಗೆಲ್ಲ ಮಸಿ ಬಳಿದುಕೊಂಡಿತು.
"ಉಳಿದ ಮೂರು ಇತ್ಲಾಗೆ ಕೊಡು" ಅಂತ
ಬೆಂಕಿಪೊಟ್ಟಣಕ್ಕೆ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಸೆಲ್ಫು ಮೋಟಾರು ಹಳೆಯದೇ ಇರಲಿ ಅಂದೆ.
ಆರು ಉಂಡವನಿಗೆ ಹನ್ನೆರಡು ಬಡಿಸಿದರೆ
ಐದು ಸೆಕೆಂಡು ತಡೀತಾನೆ, ಹತ್ತು ತಡೆಯಲ್ಲ.
"ದೀಪಕ್ಕೆ ಇಷ್ಟು ಸಣ್ಣ ವೈರು ಹಾಕ್ತಿದ್ದೀಯಲ್ಲ?"
ವೋಲ್ಟು ಎರಡರಷ್ಟಾದರೆ ಆಂಪಿಯರ್ ಅರ್ಧ ಸಾಕು
ಅಂತ ಬೀಡಿ ಕಟ್ಟಿನ ಕಾಗದದ ಮೇಲೆ ಲೆಕ್ಕ ಬರೆಯಹೋದೆ.
ಅವರು ನೋಡಲಿಲ್ಲ. "ಡ್ರಿಪ್ಪಿನ ಪೈಪಲ್ವಾ" ಅಂದರು,
"ಒತ್ತಡ ಇದ್ದರೆ ಸಣ್ಣ ಕೊಳವೆಯಲ್ಲೂ
ಸಾಲಿನ ಕೊನೇ ಗಿಡಕ್ಕೆ ಮುಟ್ಟುತ್ತೆ."
ಮೂವತ್ತು ವರ್ಷದಿಂದ ಹುಡುಗರಿಗೆ ಹೇಳಿಕೊಟ್ಟಿದ್ದೇನೆ ಇದನ್ನು,
ಇಷ್ಟು ಸಲೀಸಾಗಿ ಅಲ್ಲ.

ಸಂಜೆ ಆರೂವರೆ. ಗುಂಡಿ ಒತ್ತಿದರು.
ಯಾರೋ ಬೆನ್ನಿಗೆ ಗುದ್ದಿದ ಹಾಗೆ ಗಾಡಿ ಬೆಚ್ಚಿತು,
ಒಂದೇ ಸುತ್ತಿಗೆ ಹತ್ತಿಕೊಂಡಿತು.
ಹಮಾಲಿಗಳು ಶಿಳ್ಳೆ ಹಾಕಿದರು.
ಎದುರಿನ ಗೋಡೆಯ ಮೇಲೆ, ಹೋದ ಚುನಾವಣೆಗೂ ಹಿಂದಿನ
ಚುನಾವಣೆಯ ಬರಹ ಓದುವಷ್ಟು ಬೆಳಕು.

ಆಮೇಲೆ ಹಾರ್ನು.
ಕಿರ್ರ್ ಅಂತ ಒಂದು ಚೀರು;
ಖಾಲಿ ಕ್ರೇಟಿನ ಮೇಲೆ ಮಲಗಿದ್ದ ನಾಯಿ ಎದ್ದು ಓಡಿತು.
"ಇದು ಬೇಡ."
ಜೋರಾಗಿದೆಯಲ್ಲಮ್ಮಾ?
"ಬೇಡ. ಮೊದಲು ಹೆಂಗಿತ್ತೋ ಹಂಗೆ ಮಾಡು.
ಕೆರೆ ಕೋಡಿ ತಿರುವಲ್ಲಿ ಆ ದನಿಗೆ
ದನಗಳು ತಾವೇ ದಾರಿ ಬಿಡ್ತವೆ. ಇದಕ್ಕೆ ಬೆದರ್ತವೆ."
ಇಷ್ಟೇ ಹೇಳಿದ್ದು. ಇನ್ನೇನೋ ಇತ್ತು,
ನಾನು ಕೇಳಲಿಲ್ಲ.

ಕೆಟ್ಟ ಹೀಟರಿನ ಸುರುಳಿ ಬೆರಳುದ್ದ ಕತ್ತರಿಸಿ
ಹಾರ್ನಿನ ದಾರಿಗೆ ಅಡ್ಡ ಕೂರಿಸಿದೆ.
ಹನ್ನೆರಡು ಅಲ್ಲಿಗೆ ಬಂದು, ಬಿಸಿಯಾಗಿ, ಆರಾಗಿ ಹೊರಡುತ್ತೆ.
ಮತ್ತೆ ಒತ್ತಿದರು: ಭೋಂ...
ಕಫ ಕಟ್ಟಿದ ಗಂಟಲು, ಕೆಮ್ಮುವ ಮುಂಚಿನ ದನಿ.
ಇನ್ನೊಮ್ಮೆ ಒತ್ತಿದರು, ಎದುರಿಗೆ ಯಾರೂ ಇರಲಿಲ್ಲ.

ನೂರೈವತ್ತು ಚೌಕಾಸಿ ಮಾಡಿ, ಉಳಿದದ್ದು ಎಣಿಸಿ ಕೊಟ್ಟು,
ಹೊಸ ಬೆಳಕನ್ನು ಮುಂದೆ ಬಿಟ್ಟುಕೊಂಡು ಹೊರಟರು.
ಸುರುಳಿ ಮುಟ್ಟಿ ನೋಡಿದ ನನ್ನ ಬೆರಳು
ರಾತ್ರಿ ಅನ್ನ ಕಲಸುವಾಗಲೂ ಚುರುಗುಟ್ಟುತ್ತಿತ್ತು.