ಗಾಳಿಯಲ್ಲಿ ನಿಂತ ಕಪ್ಪೆ

ಸ್ವಾನೇತಿಯ ಬೆಟ್ಟದ ನಮ್ಮ ಶಾಲೆಗೆ
ಮಕ್ಕಳು ಐವರು, ಲ್ಯಾಪ್‌ಟಾಪು ಒಂದು.
ಸಿಗ್ನಲ್ಲು ಬರುವುದು ಕಿಟಕಿಯ ಎಡಮೂಲೆಗೆ,
ಅದೂ ಹಿಮ ಬೀಳದಿದ್ದರೆ.

ಪರದೆಯಲ್ಲೊಂದು ಹಸಿರು ಕಪ್ಪೆ.
ಉತ್ತರ ಸರಿಯಿದ್ದರೆ ಎಲೆಯಿಂದೆಲೆಗೆ,
ತಪ್ಪಿದರೆ ಬುಳುಕ್ಕನೆ ನೀರಿಗೆ.
ಮಗ್ಗಿಯೆಂದರೆ ಮೇಜಿನಡಿ ಸೇರುತ್ತಿದ್ದ ಗೋಚಾ
ಈಗ ಎಲ್ಲರನ್ನೂ ತಳ್ಳಿಕೊಂಡು ಮುಂದೆ.

ಸೋಮವಾರ, ಏಳೆಂಟ್ಲ ಎಷ್ಟು?
ಏನೋ ಒತ್ತಿದ. ಕಪ್ಪೆ ಹಾರಿತು. ನೆಟ್ಟು ಹೋಯಿತು.
ಕೊಳದ ಮೇಲೆ, ಕಾಲು ಚಾಚಿ,
ಹಾರಿದ್ದು ಹಾಗೇ ನಿಂತಿತು.
ಒತ್ತಿದ್ದೇನೋ ಅವನಿಗೇ ನೆನಪಿಲ್ಲ.

ಮೂರು ದಿನ ಆರಿಸಲು ಬಿಡಲಿಲ್ಲ ಯಾರೂ.
‘ಪಾಪ, ಎಲೆ ಸಿಕ್ಕೀತೇ ಅದಕ್ಕೆ?’ ಎಂದಳು ತ್ಸಿಯಾಲಾ.
ಒಲೆ ಪಕ್ಕದ ಚೀಲ ಸುರಿದು
ಏಳೇಳು ಅಕ್ರೋಟಿನ ಎಂಟು ಸಾಲು ಹೂಡಿದರು.
ನಮ್ಮ ಮಾತಿನಲ್ಲಿ ಐವತ್ತಾರೆಂದರೆ
ಎರಡು ಇಪ್ಪತ್ತು, ಮೇಲೆ ಹದಿನಾರು.
ಇಪ್ಪತ್ತರ ರಾಶಿ ಎರಡಾಯಿತು.
ಉಳಿದದ್ದು ಹದಿನೈದೇ.
ಒಂದು ಗೋಚಾನ ಬಾಯಲ್ಲಿತ್ತು.

ಗುರುವಾರ ಬಿಸಿಲು ಬಂತು, ನೆಟ್ಟೂ ಬಂತು.
ಬುಳುಕ್.
ಒಬ್ಬರೂ ತಿರುಗಲಿಲ್ಲ.
ಒಂಬತ್ತೆಂಟ್ಲಕ್ಕೆ ಅಕ್ರೋಟು ಸಾಲದೆ
ಜೇಬು, ಟೊಪ್ಪಿ, ಬೂಟು ತಡಕುತ್ತಿದ್ದರು.

ಕಪ್ಪೆ ಮುಳುಗಿದ್ದು ನಾನೊಬ್ಬಳೇ ನೋಡಿದೆ.
ಹೇಳಲಿಲ್ಲ.