ಬೆಸುಗೆ ಕಾಣಬಾರದು

ಮ್ಯಾಂಚೆಸ್ಟರಿನ ಹೋಟೆಲೊಂದರ ನೆಲಮಾಳಿಗೆ,
ಹನ್ನೆರಡನೇ ದುಂಡುಮೇಜು, ಆರಿಹೋದ ಕೋಳಿ.
ನಿಜದ ಕಾರ್ಯಕ್ರಮಗಳ ಸಂಕಲನಕ್ಕೆ ಬಹುಮಾನ
ಪಟ್ಟಿಯಲ್ಲಿ ಬರುವುದು ತೀರಾ ಕೆಳಗೆ,
ಜನ ತಮ್ಮ ತಮ್ಮ ಕೋಟು ಹುಡುಕುವ ಹೊತ್ತಿಗೆ.

ಹೂವಿನಿಂದ ನಾರೂ ಸ್ವರ್ಗ ಸೇರಿತಂತೆ.
ಇವತ್ತು ನಾರಿಗೇ ಕರೆ, ಹೂವಿಗೆ ಚೀಟಿಯಿಲ್ಲ.

ಟ್ಯಾಮ್ಸಿನ್ ಆಗ್ಡೆನ್ ಮೇಜಿನಡಿ ಬೂಟು ಕಳಚಿದ್ದಾಳೆ.
ಇಪ್ಪತ್ತಾರು ವರ್ಷ, ಕಿಟಕಿಯಿಲ್ಲದ ಕೋಣೆಯೊಳಗೆ
ಪರರ ಬೆಳಗು ಬೈಗನ್ನು ಮೊರಕ್ಕೆ ಹಾಕಿ ಕೇರಿದವಳು.
ನಾನು ಸಹಾಯಕ.
ಹೊಟ್ಟಿನ ಲೆಕ್ಕ ನನ್ನದು.

ಸ್ಟೋಕಿನಲ್ಲಿ ಒಂದು ಪಿಂಗಾಣಿ ಕಾರ್ಖಾನೆ,
ಬೀಗ ಬೀಳುವ ಮುಂಚಿನ ಆರು ವಾರ.
ನೂರಾ ಎಂಬತ್ತು ಗಂಟೆ ತಂದು ಸುರಿದರು
ಐವತ್ತೆಂಟು ನಿಮಿಷ ಕೊಡಿ ಎಂದರು.

ಅದರೊಳಗೆ ಬೆರಿಲ್ ಕೋಕ್ಲಿ.
ಬಟ್ಟಲಿನ ಅಂಚಿಗೆ ಬಂಗಾರದ ಗೆರೆ, ನಲವತ್ತೊಂದು ವರ್ಷ.
ಎಡಗೈ ತಿರುಗುಮಣೆ ತಿರುಗಿಸುತ್ತದೆ,
ಬಲಗೈ ಕುಂಚ ಹಿಡಿದು ಸುಮ್ಮನಿರುತ್ತದೆ.
"ನಾನೆಲ್ಲಿ ಎಳೀತೀನಿ? ಬಟ್ಟಲೇ ಬಂದು ಎಳೆಸಿಕೊಳ್ಳುತ್ತೆ.
ಎಲ್ಲಿ ಶುರು ಎಲ್ಲಿ ಮುಗೀತು ಅಂತ ಕಂಡುಬಿಟ್ಟರೆ
ಅದು ಎರಡನೇ ದರ್ಜೆ, ಅರ್ಧ ಬೆಲೆ.
ಬೆಸುಗೆ ಕಾಣಬಾರದು."

ಟ್ಯಾಮ್ಸಿನ್ ಯಂತ್ರ ನಿಲ್ಲಿಸಿ
ಚಹಾಕ್ಕೆಂದು ಎದ್ದುಹೋದವಳು
ಬಹಳ ಹೊತ್ತು ಬರಲಿಲ್ಲ.

ಕೊನೆಯ ದಿನ ಕ್ಯಾಮೆರಾದ ಹಿಂದಿನಿಂದ ಯಾರೋ:
ನಾಳೆಯಿಂದ ಏನು ಮಾಡ್ತೀರಿ?
ಬೆರಿಲ್ ಕುಂಚವನ್ನು ಟರ್ಪೆಂಟೈನಿನಲ್ಲಿ ಅದ್ದಿದಳು.
ಒರೆಸಿದಳು. ಕೂದಲ ತುದಿಯನ್ನು
ಎರಡು ಬೆರಳಲ್ಲಿ ಹಿಡಿದು ಚೂಪು ಮಾಡಿದಳು.
ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದಳು.
ಹದಿನೇಳು ಸೆಕೆಂಡು.

ನಾಲ್ಕು ಸಾಕು, ಎಂದ ನಿರ್ಮಾಪಕ.
ಒಂದು ಪಿಯಾನೋ ಇರಲಿ, ಎಂದಿತು ಚಾನೆಲ್ಲು.
ಟ್ಯಾಮ್ಸಿನ್ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ.
ಕೌನ್ಸಿಲರ್ ಭಾಷಣದಿಂದ ಆರು,
ಡ್ರೋನು ಕಂಡ ಆಕಾಶದಿಂದ ಐದು,
ಲಾರಿ ಗೇಟು ದಾಟುವುದರಿಂದ ಎರಡು
ಸಾಸಿವೆ ಡಬ್ಬಿಯಲ್ಲಿ ಚಿಲ್ಲರೆ ಕೂಡಿಟ್ಟ ಹಾಗೆ ಕೂಡಿಟ್ಟು
ಹದಿಮೂರನ್ನೂ ಆ ಕುಂಚಕ್ಕೆ ಕೊಟ್ಟಳು.

ಹೊಟ್ಟಿನ ಪಟ್ಟಿಯಲ್ಲಿ ನಾನು ಬರೆದುಕೊಂಡದ್ದು:
ಬೆರಿಲ್ ಮಾಲೀಕನನ್ನು ಬೈದದ್ದು, ಬಹಳ ಸೊಗಸಾಗಿ.
ಬೆರಿಲ್ ಅತ್ತದ್ದು, ಎರಡು ಸಲ.
"ಅಳು ಬೇಡ," ಅಂದಿದ್ದಳು ಟ್ಯಾಮ್ಸಿನ್.
"ಅವಳು ಅತ್ತರೆ ನೋಡುವವರಿಗೆ ಹಗುರಾಗುತ್ತೆ.
ಹಗುರಾಗಬಾರದು."
ಸರಿಯೇ ಇರಬಹುದು.
ಆದರೆ ಅತ್ತದ್ದೂ ಬೆರಿಲ್‌ಳೇ.

ಹೆಸರು ಕೂಗಿದರು. ಒಂದು ಬೂಟು ಸಿಗಲಿಲ್ಲ.
ಬರಿಗಾಲಲ್ಲೇ ಮೆಟ್ಟಿಲು ಹತ್ತಿದಳು.
"ಮೌನಕ್ಕೆ ಜಾಗ ಬಿಟ್ಟ ಎದೆಗಾರಿಕೆಗೆ,"
ತೀರ್ಪುಗಾರರ ಮಾತು, ದಪ್ಪ ಕಾಗದದ ಮೇಲೆ.
ಹಿಂದಿನ ತೆರೆಯಲ್ಲಿ ತುಣುಕು ಓಡಿತು:
ಪ್ರಶ್ನೆ. ಕುಂಚ. ಮುಚ್ಚಳ.
ಮೂರು ಸೆಕೆಂಡು.
ಮೇಲೊಂದು ಪಿಯಾನೋ.
ಕಾರ್ಯಕ್ರಮ ತಡವಾಗಿತ್ತಲ್ಲ, ಯಾರೋ ಹೊತ್ತು ಉಳಿಸಿದ್ದರು.
ಚಪ್ಪಾಳೆ.

ಮೈಕಿನ ಮುಂದೆ ಟ್ಯಾಮ್ಸಿನ್ ಬಾಯಿ ತೆರೆದಳು,
ಮುಚ್ಚಿದಳು, ನಿಂತಳು.
ನನಗೆ ಎಣಿಸುವ ಚಾಳಿ.
ಹದಿನಾಲ್ಕಕ್ಕೆ ವಾದ್ಯದವರು ಶುರು ಮಾಡಿದರು.

ಟ್ರಾಮಿನಲ್ಲಿ ಗಾಜಿನ ಗೊಂಬೆಯನ್ನು ಮಡಿಲಲ್ಲಿಟ್ಟುಕೊಂಡು
ಹೆಬ್ಬೆರಳಿನ ಉಗುರಿಂದ ಸುತ್ತ ತಡವಿ ನೋಡಿದಳು,
ಬುಡದ ಹತ್ತಿರ ತಡೆಯಿತು ಉಗುರು,
ಅಚ್ಚಿನ ಎರಡು ಹೋಳು ಕೂಡಿದ ಕಡೆ.
"ಸಿಕ್ಕಿತು," ಎಂದಳು. "ಅರ್ಧ ಬೆಲೆ."

ನಗಲು ಹೊರಟು ನಿಲ್ಲಿಸಿದೆ,
ಅವಳು ಕಿಟಕಿಯತ್ತ ತಿರುಗಿ ಕೇಳುತ್ತಿದ್ದಳು:
"ಅವಳು ಅತ್ತದ್ದು ಅಳಿಸಿಲ್ಲ ತಾನೆ?"

ಒಂಬತ್ತನೇ ಡ್ರೈವ್, ಎಂದೆ.
ಇದೆ.